ಮಾಹಿರಾಳ ಮಗಳ ಮುಖ

ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವ ಹೊತ್ತಿಗೆ ನನ್ನೊಳಗೆ ದಿಗಿಲು ಶುರುವಾಗುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಶಾಲೆ ಬಿಡುತ್ತದೆ. ಹಳದಿ ವ್ಯಾನು ರಾಮಮೂರ್ತಿ ನಗರದ ನಮ್ಮ ಬೀದಿಯ ತುದಿಯಲ್ಲಿ ನಿಲ್ಲುತ್ತದೆ. ಇಬ್ಬರು ಹುಡುಗಿಯರು ಇಳಿಯುತ್ತಾರೆ. ಒಬ್ಬಳು ನನ್ನ ವೈಷ್ಣವಿ, ಇನ್ನೊಬ್ಬಳು ಕೆಳಗಿನ ಮನೆಯ ಮಾಹಿರಾಳ ಮಗಳು ರಿಮ್ಶಾ. ಆ ಹೊತ್ತು, ಆ ಜಾಗ, ಆ ವ್ಯಾನಿನ ಬಣ್ಣ ಎಲ್ಲವೂ ಯಾರೋ ಗುರುತಿಲ್ಲದವರಿಗೆ ಗೊತ್ತಿದೆ. ಗೊತ್ತಾಗುವಂತೆ ಮಾಡಿದವಳು ನಾನು. ಮಾಹಿರಾಳಿಗೆ ಮಾತ್ರ ಇದ್ಯಾವುದೂ ತಿಳಿಯದು.

ಇಂದಿರಾನಗರದ ಆಫೀಸಿನಲ್ಲಿ ಕೂತು ನಾನು ಮನೆ ಓನರ್ ಮುನಿವೆಂಕಟಮ್ಮನವರಿಗೆ ಫೋನ್ ಮಾಡುತ್ತಿದ್ದೆ. ಅವರು ಕೆಳಗೆ ವರಾಂಡದಲ್ಲಿ ಕೂತು ಬೀದಿ ನೋಡುವವರು. ಮಾಹಿರಾ ಕೆಲಸದಿಂದ ಬರುವವರೆಗೆ ಮಕ್ಕಳಿಬ್ಬರೂ ಅಲ್ಲೇ ಇರುತ್ತಾರೆ. ಆ ವಾರ ದಿನವೂ ಕೇಳಿದ್ದಕ್ಕೆ ಅವರಿಗೆ ರೇಗಿತು.

“ಬಂದವ್ರೆ ಕಣಮ್ಮ, ಇಬ್ರೂ ಬಂದವ್ರೆ. ಇದೇನ್ ಹೊಸ್ದಾಗಿ? ನಾನೇನ್ ಅವ್ರನ್ನ ಮಾರ್ಕೊಂಡು ತಿಂತೀನಾ?”

ಮಾರಿಕೊಂಡಿದ್ದು ಅವರಲ್ಲ. ಫೋನಿಟ್ಟು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮಾಹಿರಾ ಯಾರೆಂದು ಹೇಳದೆ ಇದನ್ನು ಹೇಳಲಾಗದು. ನಾವು ಆ ಕಟ್ಟಡದ ಎರಡನೇ ಮಹಡಿಗೆ ಬಂದ ವಾರವೇ ಅವಳು ಮೊದಲನೇ ಮಹಡಿಯಿಂದ ಹತ್ತಿ ಬಂದು ಬಾಗಿಲು ತಟ್ಟಿದ್ದಳು. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡೆ. ನೀವು ಕುರ್ಚಿ ಎಳೆದರೆ ನಮ್ಮ ಮನೆಯಲ್ಲಿ ಗುಡುಗುತ್ತದೆ ಎಂದಳು. ಹೇಳುತ್ತಲೇ ಕೈಯಲ್ಲಿದ್ದ ನಾಲ್ಕು ಪುಟ್ಟ ಸಾಕ್ಸನ್ನು ತೋರಿಸಿ, ಇವು ರಿಮ್ಶಾ ಮಗುವಾಗಿದ್ದಾಗಿನವು, ಕುರ್ಚಿ ಕಾಲಿಗೆ ಹಾಕಿ ಎಂದು ತಾನೇ ಮಂಡಿಯೂರಿ ಹಾಕಿಬಿಟ್ಟಳು. ಎದ್ದು ನಿಂತು, “ಈಗ ಜಗಳ ಆಡೋಕೆ ಏನೂ ಉಳೀಲಿಲ್ವಲ್ರೀ, ಟೀ ಕೊಡಿ” ಎಂದಳು.

ಅವಳು ಶಿವಾಜಿನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗಿರಾಕಿಯ ಮುಖಕ್ಕೆ ಫ್ರೇಮು ಕೂರಿಸುವುದು, ಸಡಿಲವಾದದ್ದನ್ನು ಬಿಗಿ ಮಾಡುವುದು. ಸಂಜೆ ಬೇಗ ಬಿಡುತ್ತಾರೆಂದು ಸಂಬಳ ಕಡಿಮೆಯಾದರೂ ಅಲ್ಲೇ ಇದ್ದಾಳೆ. ಗಂಡ ಮುದಸ್ಸಿರ್ ವಿಮಾನ ನಿಲ್ದಾಣದ ಕ್ಯಾಬ್ ಓಡಿಸುವವನು, ಹಗಲು ಮನೆಯಲ್ಲಿ ಮಲಗಿರುತ್ತಾನೆ, ಇಲ್ಲವೇ ದಾರಿಯಲ್ಲಿರುತ್ತಾನೆ. ಬೆಳಿಗ್ಗೆ ಬೈಯಪ್ಪನಹಳ್ಳಿಯವರೆಗೆ ನಾನು ಅವಳ ಸ್ಕೂಟರಿನ ಹಿಂದೆ ಕೂರುತ್ತೇನೆ. ಅಲ್ಲಿಂದ ಮೆಟ್ರೋ. ನಾನು ಇಂದಿರಾನಗರದಲ್ಲಿ ಇಳಿದರೆ ಅವಳು ಮುಂದಕ್ಕೆ. ನನ್ನ ಅಪ್ಪ ಶಿವರುದ್ರಪ್ಪ ಅದೇ ಬೈಯಪ್ಪನಹಳ್ಳಿಯಲ್ಲಿ ರೈಲ್ವೆ ನೌಕರರಾಗಿದ್ದವರು. ನಾನು ಓದಿದ್ದು ಹಲಸೂರಿನ ಕಾನ್ವೆಂಟಿನಲ್ಲಿ. ಆದರೂ ಈ ಊರು ನನ್ನದು ಎಂಬ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ಅದು ಪೂರ್ತಿ ಮಾಹಿರಾಳದು. ಹೂವಿನವಳ ಜೊತೆ ತಮಿಳು, ಫೋನಿನಲ್ಲಿ ತಂದೆಯ ಜೊತೆ ದಖನಿ ಉರ್ದು, ನನ್ನ ಜೊತೆ ಕನ್ನಡ, ಟಿಕೆಟ್ ಗೇಟಿನವನ ಜೊತೆ ಇಂಗ್ಲಿಷಿನಲ್ಲಿ ಜಗಳ. ಒಂದು ದಿನ ಪ್ಲಾಟ್‌ಫಾರ್ಮಿನಲ್ಲಿ ಯಾರೋ ಅಜ್ಜಿಯ ಕನ್ನಡಕ ಸೊಟ್ಟಗಿದ್ದದ್ದನ್ನು ನೋಡಲಾರದೆ, ಪರ್ಸಿನಿಂದ ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್ ತೆಗೆದು ಸರಿ ಮಾಡಿ ಕೊಟ್ಟಳು. ಅಷ್ಟರಲ್ಲಿ ನಮ್ಮ ರೈಲು ಹೋಯಿತು.

ಇಷ್ಟು ಬಾಯಿಬಿಚ್ಚಿ ಬದುಕುವವಳು ಒಂದು ವಿಷಯದಲ್ಲಿ ಮಾತ್ರ ಬಿಗಿ. ಮಗಳ ಫೋಟೋ ಎಲ್ಲೂ ಹಾಕುತ್ತಿರಲಿಲ್ಲ. ವಾಟ್ಸಾಪಿನ ಡಿಪಿಯಲ್ಲಿ ಒಂದು ಕನ್ನಡಕದ ಫ್ರೇಮು. ಹುಟ್ಟುಹಬ್ಬದ ಫೋಟೋಗಳನ್ನು ಪ್ರಿಂಟ್ ಹಾಕಿಸಿ ಕೈಗೆ ಕೊಡುತ್ತಿದ್ದಳು. ಶಾಲೆಯವರು ಆಟೋಟದ ವಿಡಿಯೋ ಹಾಕಿದರೆ ಹೋಗಿ ತೆಗೆಸಿ ಬರುತ್ತಿದ್ದಳು. ನಾನು ನನ್ನ ಗಂಡ ಸಿದ್ಧಲಿಂಗೇಶನ ಹತ್ತಿರ, ಅವರಲ್ಲಿ ಹಾಗೇ ಅಲ್ಲವೇ, ಹೆಣ್ಣುಮಕ್ಕಳ ವಿಷಯ, ಎಂದು ತಿಳಿದವಳಂತೆ ಹೇಳಿದ್ದೆ.

ಹಾಗಲ್ಲ ಎಂದು ಅವಳೇ ಒಂದು ಬೆಳಿಗ್ಗೆ ಹೇಳಿದಳು. ಮೆಟ್ರೋ ಏನೋ ತೊಂದರೆಯಾಗಿ ಹೊರಡದೆ ನಿಂತಿತ್ತು. ಎಸ್ಸೆಸ್ಸೆಲ್ಸಿ ಮುಗಿದು ಪಿಯುಸಿಗೆ ಸೇರಲು ಫೋಟೋ ಬೇಕಾಗಿ ಅವಳು ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯ ಸ್ಟುಡಿಯೋಗೆ ಹೋಗಿದ್ದಳಂತೆ. ಫೋಟೋ ಚೆನ್ನಾಗಿ ಬಂತೆಂದು ಸ್ಟುಡಿಯೋದವನು ಅದನ್ನು ದೊಡ್ಡದು ಮಾಡಿ ಬಾಗಿಲ ಗಾಜಿನೊಳಗೆ ತೂಗುಹಾಕಿದ. ಕೇಳಲಿಲ್ಲ, ಹೇಳಲೂ ಇಲ್ಲ. ಆಗಿನ್ನೂ ಕ್ಯಾಮೆರಾ ಫೋನುಗಳು ಬಂದ ಹೊಸತು. ಗಲ್ಲಿಯ ಹುಡುಗರು ಗಾಜಿನ ಮೇಲಿಂದಲೇ ಅದರ ಫೋಟೋ ಹಿಡಿದು, ಕೆಳಗೆ ಏನೋ ಒಂದು ಕೊಳಕು ಸಾಲು ಸೇರಿಸಿ, ಬ್ಲೂಟೂತಿನಲ್ಲಿ ಒಬ್ಬರಿಂದೊಬ್ಬರಿಗೆ ದಾಟಿಸಿದರು. ಮಾರುಕಟ್ಟೆಯಲ್ಲಿ ಹಣ್ಣು ಮಾರುತ್ತಿದ್ದ ಅವಳ ತಂದೆ ಹಸನ್ ಸಾಹೇಬರಿಗೆ ಅದನ್ನು ತೋರಿಸಿದವನು ಒಬ್ಬ ಗಿರಾಕಿ. ಅವರು ಮಗಳನ್ನು ಬೈಯಲಿಲ್ಲವಂತೆ. ಕಾಲೇಜಿಗೆ ಸೇರಿಸುವ ಮಾತನ್ನು ಮತ್ತೆ ಎತ್ತಲಿಲ್ಲ, ಅಷ್ಟೇ. ಮದುವೆಯಾಗುವವರೆಗೆ ಅವಳು ಆ ಗಲ್ಲಿಯಲ್ಲಿ ತಲೆಯೆತ್ತಿ ನಡೆಯಲಿಲ್ಲ.

“ನಾನ್ ಮಾಡಿದ ತಪ್ಪೇನ್ರೀ? ಅಲ್ಲಾಡ್ಬೇಡ ಅಂದ ಅವ್ನು, ಅಲ್ಲಾಡ್ದೆ ಕೂತಿದ್ದೆ,” ಎಂದಳು ಮಾಹಿರಾ. “ಅದಕ್ಕೇ ರಿಮ್ಶಾ ಮುಖ ರಿಮ್ಶಾದು. ದೊಡ್ಡೋಳಾಗ್ಲಿ, ಎಲ್ಲಿಗ್ ಬೇಕಾದ್ರೂ ಹಾಕ್ಕೊಳ್ಲಿ. ಅಲ್ಲೀವರ್ಗೂ ನನ್ಹತ್ರ ಇರ್ಲಿ” ಎಂದಳು.

ನಾನು ಅವಳ ಕೈ ಹಿಡಿದುಕೊಂಡಿದ್ದೆ. ನಿಜವಾಗಿಯೂ ಮರುಗಿದ್ದೆ. ಅದನ್ನೇ ನೆನೆದರೆ ಈಗ ಹೆಚ್ಚು ನಾಚಿಕೆಯಾಗುತ್ತದೆ. ತಿಳಿಯದೆ ಮಾಡಿದೆ ಎನ್ನುವ ದಾರಿಯೂ ನನಗೆ ಉಳಿದಿಲ್ಲ.

ಶ್ರಾವಣದಲ್ಲಿ ನಮ್ಮವರ ಒಂದು ಬಳಗದವರು ಮಕ್ಕಳಿಗೆ ಆನ್‌ಲೈನಿನಲ್ಲಿ ವಚನ ಹೇಳುವ ಸ್ಪರ್ಧೆ ಇಡುತ್ತಾರೆ. ಮಕ್ಕಳು ಶರಣರ ವೇಷ ಹಾಕಿ ವಚನ ಹೇಳುವ ವಿಡಿಯೋವನ್ನು ಬಳಗದ ಪೇಜಿನಲ್ಲಿ ಹಾಕುತ್ತಾರೆ, ಯಾವುದಕ್ಕೆ ಹೆಚ್ಚು ಲೈಕ್ ಬರುತ್ತದೋ ಅದಕ್ಕೆ ಜನಮೆಚ್ಚಿದ ಬಹುಮಾನ. ಮಗುವಿನ ಹೆಸರು, ತರಗತಿ, ಶಾಲೆ, ಬಡಾವಣೆ, ಬಹುಮಾನ ತಲುಪಿಸಲು ಒಂದು ಫೋನ್ ನಂಬರು, ಎಲ್ಲವನ್ನೂ ವಿಡಿಯೋದ ಕೆಳಗೇ ಬರೆಯಬೇಕು. ಆಮೇಲೆ ತಾಯಂದಿರ ಕೆಲಸ. ಅಪಾರ್ಟ್‌ಮೆಂಟಿನವರು, ಆಫೀಸಿನವರು, ಮದುವೆಮನೆಯಲ್ಲಿ ಒಮ್ಮೆ ಕಂಡವರು, ಎಲ್ಲರಿಗೂ ಲಿಂಕು ಕಳಿಸಿ ಲೈಕ್ ಬೇಡುವುದು. ನನ್ನ ನಂಬರಿಗೆ ಆಫೀಸಿನ ಕರೆಗಳು ಬರುತ್ತವೆಂದು ನಾನು ವೈಷ್ಣವಿಯ ಕೈಯಲ್ಲಿರುವ ಹಳೆಯ ಫೋನಿನ ನಂಬರು ಬರೆದೆ. ನಮ್ಮವರ ಪೇಜು. ನನಗದು ನಮ್ಮ ಮನೆಯ ಪಡಸಾಲೆ ಇದ್ದ ಹಾಗೆ. ವರ್ಷಕ್ಕೊಮ್ಮೆ ಆಫೀಸಿನಲ್ಲಿ ಆನ್‌ಲೈನ್ ಸುರಕ್ಷತೆಯ ಪರೀಕ್ಷೆ ಬರೆದು ಪೂರ್ತಿ ಅಂಕ ತೆಗೆದುಕೊಳ್ಳುವವಳು ನಾನೇ.

ವೈಷ್ಣವಿಗೆ ಬಿಳಿ ಸೀರೆ ಉಡಿಸಿ, ವಿಭೂತಿ ಹಚ್ಚಿ, ಮೊಣಕಾಲು ಮುಟ್ಟುವ ಚೌರಿ ಕೂದಲು ಕಟ್ಟಿ ಅಕ್ಕನ ವೇಷ ಹಾಕಿದ್ದೆ. ಅಭ್ಯಾಸದ ದಿನಗಳಲ್ಲಿ ಪಕ್ಕದಲ್ಲಿ ಕೂತ ರಿಮ್ಶಾ ಅವಳಿಗಿಂತ ಬೇಗ ಕಲಿತಿದ್ದಳು. ಒಂದು ಸಲ ವಿಡಿಯೋ ಮಾಡುವಾಗ ವೈಷ್ಣವಿ ಕೊನೆಯ ಸಾಲು ಮರೆತಳು. ಫೋನಿನ ಹಿಂದೆ ನಿಂತಿದ್ದ ರಿಮ್ಶಾ ಅದನ್ನು ಪಿಸುಗುಟ್ಟಿದಳು. ಆಮೇಲೆ ತಾಳಲಾರದೆ ಎದುರಿಗೇ ಓಡಿ ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿ ಬಿದ್ದು ನಕ್ಕರು. ಅದನ್ನು ಬಿಟ್ಟು, ತಪ್ಪಿಲ್ಲದ ಇನ್ನೊಂದನ್ನು ಪೇಜಿಗೆ ಕಳಿಸಿದೆ. ಮಾಹಿರಾಳಿಗೂ ಹಾಗೇ ಹೇಳಿದೆ. ಆಗ ಅದು ನಿಜವೇ ಆಗಿತ್ತು.

ಲೈಕು ಬರಲಿಲ್ಲ. ಹಾವೇರಿಯ ನನ್ನ ನೆಗೆಣ್ಣಿಯ ಮಗಳು ಎಲ್ಲೋ ಮುಂದಿದ್ದಳು. ಅತ್ತೆ ಗುರುದೇವಿ ಫೋನ್ ಮಾಡಿದರು.

“ಯಾಕವಾ ರಶ್ಮಿ, ನಮ್ಮ ಕೂಸಿಗೆ ಇಷ್ಟ ಏನು ಬಿದ್ದಾವು? ಅಷ್ಟ್ ದೊಡ್ಡ ಬೆಂಗಳೂರಾಗ ನಿನಗ ಗುರ್ತಿನ ಮಂದಿನ ಇಲ್ಲೇನು?”

ಅವರು ತಮಾಷೆಗೆ ಅಂದದ್ದು. ನನಗೆ ಚುಚ್ಚಿತು. ಅಡುಗೆಮನೆಯಲ್ಲಿ ನಿಂತು, ಒಲೆಯ ಮೇಲೆ ಹಾಲಿಟ್ಟು, ಮೊದಲ ವಿಡಿಯೋ ತೆಗೆಸಿ, ರಿಮ್ಶಾ ಓಡಿ ಬಂದು ನಕ್ಕದ್ದನ್ನು ಹಾಕಿಸಿದೆ. ಮಾಹಿರಾ ಆ ಪೇಜು ನೋಡುವವಳಲ್ಲ ಎಂದೂ ಯೋಚಿಸಿದ್ದೆ. ಹೌದು, ಯೋಚಿಸಿಯೇ ಹಾಕಿದ್ದು. ಅಷ್ಟಕ್ಕೂ ಸಾಲದೆ ಕೆಳಗೆ ಬರೆದೆ: ನಮ್ಮ ವೈಷ್ಣವಿ ಮತ್ತು ಅವಳದೇ ಶಾಲೆಯ ಪ್ರಾಣಸ್ನೇಹಿತೆ ರಿಮ್ಶಾ. ಆ ಹೆಸರು ಬರೆದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಹಾಗೇ ಆಯಿತು. ಇದೇ ನಿಜವಾದ ಭಾವೈಕ್ಯ, ಕಣ್ಣು ತುಂಬಿ ಬಂತು, ಎಂದು ಜನ ಬರೆದರು. ಲೈಕುಗಳು ಸುರಿದವು. ನಾನು ಸಂಜೆ ವಾಪಸಾಗುವ ಬಸ್ಸಿನಲ್ಲಿ, ಮೀಟಿಂಗಿನಲ್ಲಿ, ಹಾಸಿಗೆಯಲ್ಲಿ ಫೋನು ತೆಗೆದು ನೋಡಿದ್ದೇ ನೋಡಿದ್ದು. ಬೆಳಿಗ್ಗೆ ಎದ್ದ ತಕ್ಷಣ ವೈಷ್ಣವಿ ನನ್ನನ್ನು ಕೇಳುತ್ತಿದ್ದುದೂ ಅದನ್ನೇ, ಎಷ್ಟಾಯಿತು ಎಂದು.

ಭಾನುವಾರ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಹಳೆಯ ಫೋನು ಸದ್ದು ಮಾಡಿತು. ಅವಳು ಅದನ್ನು ತೊಡೆಯ ಕೆಳಗೆ ಸರಿಸಿದ ರೀತಿ ನೋಡಿ ಎಣ್ಣೆ ಕೈಯಲ್ಲೇ ಕಸಿದುಕೊಂಡೆ.

ಯಾರದೋ ನಂಬರು. ಡಿಪಿಯಲ್ಲಿ ಮಲ್ಲಿಗೆ ಹಾರ. ಮೊದಲ ಮೆಸೇಜು, “ಶರಣು ಶರಣಾರ್ಥಿ ಪುಟ್ಟಿ. ನಾನು ಬಳಗದ ಅಕ್ಕ.” ಯಾರಾದರೂ ಶರಣು ಎಂದರೆ ತಿರುಗಿ ಶರಣು ಎನ್ನಬೇಕೆಂದು ಅಜ್ಜಿ ಕಲಿಸಿದ್ದರು, ನನ್ನ ಮಗಳು ತಿರುಗಿ ಶರಣು ಎಂದಿದ್ದಳು. ಅಲ್ಲಿಂದ ಮುಂದಿನದನ್ನು ಒಂದೊಂದಾಗಿ ಓದಿದೆ. ನಿನ್ನ ಗೆಳತಿಯಿಂದಲೇ ಲೈಕ್ ಬರುತ್ತಿರುವುದು, ಅವಳ ಬೇರೆ ಫೋಟೋ ಕಳಿಸು, ಒಂದೊಂದಕ್ಕೂ ನಾನು ನೂರು ಲೈಕ್ ಹಾಕಿಸುತ್ತೇನೆ. ಶಾಲೆ ಎಷ್ಟು ಹೊತ್ತಿಗೆ ಬಿಡುತ್ತದೆ. ವ್ಯಾನು ಯಾವ ಬಣ್ಣ. ಎಲ್ಲಿ ಇಳಿಯುತ್ತೀರಿ. ರಿಮ್ಶಾಳ ಮನೆಯಲ್ಲಿ ಆಗ ಯಾರಿರುತ್ತಾರೆ. ಅಮ್ಮನಿಗೆ ಹೇಳಬೇಡ, ಗೆದ್ದಾಗ ಖುಷಿಯಾಗಲಿ. ವೈಷ್ಣವಿ ಎಲ್ಲಕ್ಕೂ ಒಳ್ಳೆಯ ವಿದ್ಯಾರ್ಥಿನಿಯಂತೆ ಉತ್ತರ ಬರೆದಿದ್ದಳು. ರಿಮ್ಶಾ ಮೆಟ್ಟಿಲ ಮೇಲೆ ಕೂತು ನೀರು ಕುಡಿಯುವ ಫೋಟೋ ಒಂದು, ನಿದ್ದೆ ಹೋದದ್ದೊಂದು ಕಳಿಸಿದ್ದಳು.

ನಾನು ಅವಳಿಗೆ ಹೊಡೆದೆ. ಬೆನ್ನಿಗೆ, ಕೆನ್ನೆಗೆ, ಎಣ್ಣೆ ಕೈಯಲ್ಲೇ. ಅವಳು ಅಳುತ್ತ ಹೇಳಿದ್ದು ಒಂದೇ ಮಾತು.

“ನಿಂಗೇ ಲೈಕ್ ಬೇಕಿತ್ತಲ್ಲಮ್ಮ.”

ಎತ್ತಿದ ಕೈ ಹಾಗೇ ಇಳಿಯಿತು.

ಆಮೇಲೆ ಮಾಡಿದ್ದೆಲ್ಲ ಗಾಬರಿಯ ಕೆಲಸ. ಆ ನಂಬರನ್ನು ಬ್ಲಾಕ್ ಮಾಡಿ, ಎಲ್ಲ ಮೆಸೇಜನ್ನೂ ಅಳಿಸಿದೆ. ಅಳಿಸಿದ ಮೇಲೆ ಹೊಳೆಯಿತು, ಪೊಲೀಸರಿಗೆ ತೋರಿಸಲು ಏನೂ ಉಳಿಯಲಿಲ್ಲ ಎಂದು. ಪೇಜು ನೋಡಿಕೊಳ್ಳುವ ದಾವಣಗೆರೆಯ ಮಹಿಳೆಗೆ ಫೋನ್ ಮಾಡಿದರೆ, ನಮ್ಮ ಬಳಗದಲ್ಲಿ ಅಂಥವರು ಯಾರೂ ಇಲ್ಲ ತಂಗಿ ಎಂದು ನೊಂದುಕೊಂಡರು. ವಿಡಿಯೋ ತೆಗೆದರು. ಅಷ್ಟರಲ್ಲಿ ಅದನ್ನು ಎಷ್ಟೋ ಜನ ಹಂಚಿಕೊಂಡಾಗಿತ್ತು. ಸಿದ್ಧಲಿಂಗೇಶ ಎಲ್ಲ ಕೇಳಿದ. ಹಳೆಯ ಫೋನು ನಿನ್ನ ಬ್ಯಾಗಿನಲ್ಲೇ ಇರಲಿ ಎಂದ. ಮಾಹಿರಾಗೆ ಹೇಳಬೇಕಲ್ಲವೇ ಎಂದು ಕೇಳಿದೆ. ಅಳಿಸಿಯಾಯಿತು, ಬ್ಲಾಕ್ ಆಯಿತು, ಈಗ ಹೇಳಿದರೆ ಅವರಿಗೂ ನಿದ್ದೆಯಿಲ್ಲ, ನಮಗೂ ಇಲ್ಲ, ಒಂದೇ ಕಟ್ಟಡದಲ್ಲಿ ಮುಖ ನೋಡುವುದು ಹೇಗೆ ಎಂದ. ಅವನು ಹಾಗೆ ಹೇಳಲಿ ಎಂದೇ ನಾನು ಕೇಳಿದ್ದು.

ಸೋಮವಾರ ಸ್ಕೂಟರಿನ ಹಿಂದೆ ಕೂತವಳು ಅವಳ ಭುಜ ಮುಟ್ಟಲಾರದೆ ಹಿಂದಿನ ಕಂಬಿ ಹಿಡಿದುಕೊಂಡೆ. ಯಾಕ್ರೀ, ಗಂಡ ಬೈದ್ರಾ, ಮುಖ ಹರಳೆಣ್ಣೆ ಕುಡಿದೋರ ಥರ ಇದೆ ಎಂದು ಮಾಹಿರಾ ಕನ್ನಡಿಯಲ್ಲಿ ನೋಡಿ ನಕ್ಕಳು. ಆಗಲೇ ಹೇಳಬಹುದಿತ್ತು. ಸಿಗ್ನಲ್ ಬಿಟ್ಟಿತು. ಮರುದಿನ ಸಂಜೆ ಹೇಳಿಯೇಬಿಡುತ್ತೇನೆಂದು ಇಳಿದು ಹೋದೆ. ಬಾಗಿಲಲ್ಲೇ ಕಂಡದ್ದು, ಅವಳು ನನ್ನ ಮಗಳ ತಟ್ಟೆಗೆ ಮೊಸರನ್ನ ಬಡಿಸಿ ಪಕ್ಕದಲ್ಲಿ ಕೂತು ಲೆಕ್ಕ ಹೇಳಿಕೊಡುತ್ತಿದ್ದುದು. ಅವರ ಸ್ಟೀಲ್ ಡಬ್ಬಿ ಕೊಟ್ಟು ಬರಲು ಬಂದೆ ಎಂದು ಸುಳ್ಳು ಹೇಳಿದೆ. ಕೈಯಲ್ಲಿ ಡಬ್ಬಿ ಇರಲಿಲ್ಲ. ಮರೆತು ಬಂದೆನೆಂದು ಮತ್ತೆ ಮೇಲೆ ಹೋದೆ.

ಬುಧವಾರ ಅದಕ್ಕಿಂತ ಕೆಟ್ಟದ್ದಾಯಿತು. ಮೆಟ್ಟಿಲ ಮೇಲೆ ನಾವು ನಾಲ್ವರೂ ಎದುರಾದೆವು. ರಿಮ್ಶಾ ನನ್ನ ಚೂಡಿದಾರ ಎಳೆದು, ಆಂಟಿ, ಸ್ಪರ್ಧೆ ಏನಾಯ್ತು, ನಾವು ಗೆದ್ವಾ ಎಂದಳು. ಮಾಹಿರಾ ಮಗಳ ತಲೆಗೆ ಮೊಟಕಿ, ನೀನ್ಯಾವಾಗ ಸೇರ್ಕೊಂಡ್ಯೇ ಅದ್ರಲ್ಲಿ, ಎಂದು ನಗುತ್ತಲೇ ನನ್ನತ್ತ ನೋಡಿದಳು. ವೈಷ್ಣವಿಯೂ ನನ್ನ ಮುಖವನ್ನೇ ನೋಡುತ್ತಿದ್ದಳು.

“ನಿನ್ನದನ್ನ ಹಾಕ್ಲಿಲ್ಲ ಪುಟ್ಟ,” ಎಂದೆ.

ವೈಷ್ಣವಿ ತಲೆ ತಗ್ಗಿಸಿ ಮೆಟ್ಟಿಲು ಹತ್ತಿ ಹೋದಳು. ಅಮ್ಮನಿಗೆ ಹೇಳಬೇಡ ಎಂದು ಅವಳಿಗೆ ಕಲಿಸಿದ್ದು ಯಾರೋ ಅಪರಿಚಿತರು. ಮಾಹಿರಾ ಆಂಟಿಗೆ ಹೇಳಬೇಡ ಎಂದು ಕಲಿಸುತ್ತಿರುವವಳು ನಾನು.

ಗುರುವಾರ ಮಧ್ಯಾಹ್ನ ಆಫೀಸಿನಲ್ಲಿ ಬ್ಯಾಗಿನೊಳಗಿನ ಹಳೆಯ ಫೋನು ನಡುಗಿತು. ಬೇರೆ ನಂಬರು, ಅದೇ ಮಲ್ಲಿಗೆ ಹಾರ.

“ಶರಣು ಪುಟ್ಟಿ. ಯಾಕೆ ಬ್ಲಾಕ್ ಮಾಡಿದೆ? ಇವತ್ತು ವ್ಯಾನ್ ಹತ್ರ ಬರ್ತೀನಿ. ನಿಂಗೂ ರಿಮ್ಶಾಗೂ ಬಹುಮಾನ ತಂದಿದೀನಿ.”

ಈ ಸಲ ಅಳಿಸಲಿಲ್ಲ. ನನ್ನ ಫೋನಿನಲ್ಲಿ ಅದರ ಫೋಟೋ ತೆಗೆದಿಟ್ಟುಕೊಂಡು ಲಿಫ್ಟಿನ ಪಕ್ಕದ ಮೆಟ್ಟಿಲಿಗೆ ಓಡಿ ಶಾಲೆಯ ಆಫೀಸಿಗೆ ಫೋನ್ ಮಾಡಿದೆ. ವೈಷ್ಣವಿಯನ್ನು ಇವತ್ತು ವ್ಯಾನಿಗೆ ಹತ್ತಿಸಬೇಡಿ, ನಾನೇ ಬರುವವರೆಗೆ ಒಳಗೆ ಕೂರಿಸಿ ಎಂದೆ. ಆಯಿತು ಮೇಡಂ ಎಂದರು. ರಿಮ್ಶಾಳನ್ನೂ ಎಂದೆ. ಇನ್ನೊಬ್ಬರ ಮಗುವನ್ನು ನಿಮ್ಮ ಮಾತಿನ ಮೇಲೆ ಹಿಡಿದಿಡಲು ಬರುವುದಿಲ್ಲ, ಆ ಮಗುವಿನ ತಂದೆತಾಯಿಯೇ ಹೇಳಬೇಕು, ಏನಾದರೂ ತೊಂದರೆಯಾ ಎಂದು ಕೇಳಿದರು. ಸರಿಯಾಗಿಯೇ ಇತ್ತು ಅವರ ನಿಯಮ. ಆ ಎಚ್ಚರ ನನಗಿರಲಿಲ್ಲ.

ನನ್ನ ಮಗಳು ಉಳಿದಳು. ಇನ್ನೊಬ್ಬಳು ವ್ಯಾನು ಹತ್ತುವುದಕ್ಕೆ ಇನ್ನು ಒಂದು ಪೀರಿಯಡ್ಡು ಇತ್ತು. ಮುದಸ್ಸಿರ್‌ಗೆ ಮಾಡಿಬಿಡಲೇ ಎಂದುಕೊಂಡೆ. ಅವನಾದರೆ ಹೆಚ್ಚು ಕೇಳುವುದಿಲ್ಲ. ಏನೋ ಕಾರಣ ಹುಟ್ಟಿಸಿದರೆ ಸಾಕು. ಬೆರಳು ಅವನ ಹೆಸರಿನ ಮೇಲೆ ಹೋಯಿತು ಕೂಡ. ಇನ್ನೂ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದೇನೆ ಎಂದು ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಮಾಹಿರಾಳ ನಂಬರು ಒತ್ತಿದೆ.

“ಹೇಳ್ರೀ ರಶ್ಮಿ, ಏನ್ ಈ ಹೊತ್ತಲ್ಲಿ? ಬೇಗ ಹೇಳಿ, ಎದುರಿಗೆ ಒಬ್ರು ಕಣ್ ಬಿಟ್ಕೊಂಡು ಕೂತವ್ರೆ.”

“ಮಾಹಿರಾ, ಮೊದ್ಲು ಸ್ಕೂಲಿಗೆ ಫೋನ್ ಮಾಡಿ. ರಿಮ್ಶಾನ ಇವತ್ತು ವ್ಯಾನ್ ಹತ್ತಿಸ್ಬೇಡಿ ಅಂತ ಹೇಳಿ. ನೀವು ಹೇಳಿದ್ರೇನೇ ಆಗೋದಂತೆ. ವ್ಯಾನ್ ಹತ್ರ ಯಾರೋ ಬರ್ತಾರೆ. ಅವ್ರಿಗೆ ಅವಳ ಹೆಸ್ರು, ಸ್ಕೂಲು, ಇಳಿಯೋ ಜಾಗ ಎಲ್ಲ ಗೊತ್ತು.”

“ಹೇಗ್ ಗೊತ್ತು?”

“ನಾನು ಹಾಕಿದ ವಿಡಿಯೋದಿಂದ. ರಿಮ್ಶಾ ಇರೋ ವಿಡಿಯೋನೇ ಹಾಕಿದ್ದು. ಹೆಸ್ರೂ ನಾನೇ ಬರ್ದಿದ್ದು. ನಿನ್ನೆ ಮೆಟ್ಟಿಲ ಮೇಲೆ ಸುಳ್ಳು ಹೇಳ್ದೆ.”

ಆ ಕಡೆ ಯಾರೋ ಉರ್ದುವಿನಲ್ಲಿ ಬೆಲೆ ಕೇಳುತ್ತಿದ್ದರು. ಅವಳು ಕೈಯಲ್ಲಿದ್ದ ಫ್ರೇಮನ್ನು ಗಾಜಿನ ಮೇಲಿಟ್ಟ ಸದ್ದು ಕೇಳಿಸಿತು. ಆಮೇಲೆ ಕೇಳಿದಳು.

“ನಿಮಗ್ ಯಾವಾಗ್ ಗೊತ್ತಾಗಿದ್ದು?”

“ಭಾನುವಾರ.”

“ಇವತ್ತು ಗುರುವಾರ,” ಎಂದಳು ಮಾಹಿರಾ.

ಅಲ್ಲಿಗೇ ಬರುತ್ತೇನೆ, ಫೋನ್ ತರುತ್ತೇನೆ, ಪೊಲೀಸ್ ಸ್ಟೇಷನ್ನಿಗೆ ನಾನೇ ಹೇಳುತ್ತೇನೆ ಎಂದು ಏನೇನೋ ಒಟ್ಟಿಗೆ ಹೇಳತೊಡಗಿದೆ.

“ಲೈನ್ ಬಿಡಿ. ಸ್ಕೂಲಿಗ್ ಮಾಡ್ಬೇಕು,” ಎಂದು ಅವಳೇ ಫೋನ್ ಇಟ್ಟಳು.